ಎಂಜಿನ್ನಿನ ಒಳಗೊಂದು ಪುಟ್ಟ ಬಾಗಿಲು

ಕೊಡಗಿನಲ್ಲಿ ಜೀಪು ಹತ್ತದ ಹೆಂಗಸರು ಕಡಿಮೆ. ಬಸ್ಸು ಹೋಗದ ಕಡೆಗೂ ಜೀಪು ಹೋಗುತ್ತದೆ. ಬೆಳಗ್ಗೆ ಲೈನ್ ಮನೆಯಿಂದ ತೋಟಕ್ಕೆ ಜೀಪು. ಸಂಜೆ ವಾಪಸು ಬರುವುದಕ್ಕೂ ಜೀಪು. ಕಾಫಿ ಮೂಟೆಗೂ ಅದೇ, ಗೊಬ್ಬರದ ಮೂಟೆಗೂ ಅದೇ. ಮದುವೆ ಮನೆಗೆ ಹೋಗಲಿ, ಹೆರಿಗೆ ನೋವು ಬಂದ ಮಗಳನ್ನು ಆಸ್ಪತ್ರೆಗೆ ಸೇರಿಸಲಿ, ಜೀಪೇ ಬೇಕು. ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುವುದೂ ಜೀಪೇ.

ಈ ಗಾಡಿ ಮೊದಲು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮಾಡಿದರು. 1947ರಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಇದನ್ನು ಜೋಡಿಸಲು ಶುರು ಮಾಡಿದರು. ಹಳೇ ಜೀಪುಗಳು ನಮ್ಮ ಬೆಟ್ಟಗಳಲ್ಲಿ ಇಂದಿಗೂ ಓಡುತ್ತಿವೆ. ಕೆಲವು ಜೀಪುಗಳಿಗೆ ಅದನ್ನು ಓಡಿಸುವ ಹುಡುಗನಿಗಿಂತ ಹೆಚ್ಚು ವಯಸ್ಸು!

ಹಳೇ ಜೀಪು ಏರು ಹತ್ತುವಾಗ ಒಮ್ಮೊಮ್ಮೆ ಕುದಿಯುತ್ತದೆ. ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ ಬರುತ್ತದೆ. ಡ್ರೈವರು ಗಾಡಿ ನಿಲ್ಲಿಸುತ್ತಾನೆ. "ಅಕ್ಕಾ, ತೋಡಿನಿಂದ ಸ್ವಲ್ಪ ನೀರು ತನ್ನಿ" ಅನ್ನುತ್ತಾನೆ. ನಾವು ಕ್ಯಾನು ಹಿಡಿದು ಹೋಗುತ್ತೇವೆ. ನೀರು ತರುವವರು ನಾವು. ಆ ನೀರು ಒಳಗೆ ಹೋಗಿ ಏನು ಮಾಡುತ್ತದೆ ಅಂತ ನಮಗೂ ಗೊತ್ತಿರಲಿ.

ಬೆಂಕಿ ಒಳಗೆ, ನೀರು ಸುತ್ತ

ಎಂಜಿನ್ ಅಂದರೆ ಒಂದು ಒಲೆ. ಆ ಒಲೆಗೆ ಸೌದೆ ಬೇಡ, ಡೀಸೆಲ್ ಅಥವಾ ಪೆಟ್ರೋಲ್ ಬೇಕು. ಅದು ಉರಿಯುವ ಆ ಒಂದು ಕ್ಷಣ ಒಳಗಿನ ಬಿಸಿ 2000 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ಹಾಗೇ ನಿಂತರೆ ಕಬ್ಬಿಣವೇ ಹಾಳು. ಆ ಬಿಸಿಯಲ್ಲಿ ಮೂರನೇ ಒಂದು ಪಾಲಿನಷ್ಟು ಚಕ್ರ ತಿರುಗಿಸುವುದಕ್ಕೆ ಬಳಕೆ ಆಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು ತೆಗೆಯುವ ಕೆಲಸ ನೀರಿನದು.

ಎಂಜಿನ್ನಿನ ಕಬ್ಬಿಣದ ಗೋಡೆಯಲ್ಲಿ ಟೊಳ್ಳು ದಾರಿಗಳಿವೆ. ನೀರು ಆ ದಾರಿಯಲ್ಲಿ ಸುತ್ತುತ್ತದೆ. ಸುತ್ತಿಸಲು ಒಂದು ಪಂಪು ಉಂಟು. ಪಂಪನ್ನು ಒಂದು ಬೆಲ್ಟು ತಿರುಗಿಸುತ್ತದೆ. ಬಿಸಿಯಾದ ನೀರು ರಬ್ಬರ್ ಪೈಪಿನಲ್ಲಿ ಜೀಪಿನ ಮುಂದಿನ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರ್ ಅಂದರೆ ಸಣ್ಣ ಸಣ್ಣ ಕೊಳವೆಗಳ ಜಾಲರಿ. ಅಲ್ಲಿ ಗಾಳಿ ಬೀಸಿ ನೀರು ಆರುತ್ತದೆ. ಬಿಸಿ ಕಾಫಿಯನ್ನು ತಟ್ಟೆಗೆ ಸುರಿದು ಆರಿಸುವುದಿಲ್ಲವೆ? ಹಾಗೆಯೇ. ಆರಿದ ನೀರು ಕೆಳಗಿನ ಪೈಪಿನಲ್ಲಿ ಎಂಜಿನ್ನಿಗೆ ವಾಪಸು ಹೋಗುತ್ತದೆ. ಅದೇ ನೀರು, ಮತ್ತೆ ಮತ್ತೆ.

ತಣ್ಣಗಿದ್ದಷ್ಟೂ ಒಳ್ಳೆಯದೇ?

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಎಂಜಿನ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಅಂದುಕೊಳ್ಳುತ್ತಾರೆ.

ಮಳೆಗಾಲದ ಬೆಳಗ್ಗೆ ನಿಮ್ಮ ಒಲೆಯನ್ನು ನೆನಪು ಮಾಡಿಕೊಳ್ಳಿ. ಒಲೆ ತಣ್ಣಗೆ, ಸೌದೆ ಹಸಿ. ಮನೆ ತುಂಬ ಹೊಗೆ. ಸೌದೆ ಮುಗಿದರೂ ನೀರು ಕಾಯುವುದಿಲ್ಲ. ತಣ್ಣಗಿನ ಎಂಜಿನ್ನೂ ಹಾಗೇ ಮಾಡುತ್ತದೆ. ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಎಂಜಿನ್ ಎಣ್ಣೆ ಗಟ್ಟಿಯಾಗಿ ಇರುತ್ತದೆ, ಸರಾಗವಾಗಿ ಹರಿಯುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆಯುತ್ತದೆ. ಒಳಗೆ ನೀರಿನ ಪಸೆ ಸೇರಿ ಎಣ್ಣೆ ಕೆಸರಿನ ಹಾಗೆ ಆಗುತ್ತದೆ. ಇದೆಲ್ಲ ಮೆಲ್ಲಗೆ ನಡೆಯುವ ನಷ್ಟ. ಕುದಿದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಜೀಪಿನ ಎಂಜಿನ್ನಿಗೆ ಬೇಕಾದ ನೀರಿನ ಬಿಸಿ 80ರಿಂದ 90 ಡಿಗ್ರಿ. ಮಡಿಕೇರಿಯಂಥ ಎತ್ತರದ ಊರಿನಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕೆಳಗೆ ಮಂಗಳೂರಿನಲ್ಲಿ ಕುದಿಯಲು 100 ಡಿಗ್ರಿ ಬೇಕು. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಹೀಗೆ. ಘಟ್ಟದ ಮೇಲೆ ಅನ್ನ ಬೇಯಲು ಸ್ವಲ್ಪ ಹೊತ್ತು ಹೆಚ್ಚು ಹಿಡಿಯುವುದೂ ಇದೇ ಕಾರಣಕ್ಕೆ. ಅಂದರೆ ಎಂಜಿನ್ನಿಗೆ ಹಿತವಾದ ಬಿಸಿಗೂ ಕುದಿಗೂ ನಡುವೆ ಇರುವ ಜಾಗ ಬಹಳ ಸಣ್ಣದು. ಡಿಸೆಂಬರಿನ ಚಳಿ ಇರಲಿ, ಮಾರ್ಚಿನ ಬಿಸಿಲಿರಲಿ, ಏರಿರಲಿ, ಇಳಿಜಾರಿರಲಿ, ಆ ಸಣ್ಣ ಜಾಗದಲ್ಲೇ ನೀರನ್ನು ನಿಲ್ಲಿಸಬೇಕು. ಯಾರು ನಿಲ್ಲಿಸುತ್ತಾರೆ? ಡ್ರೈವರಿಗೆ ಅದು ಆಗದು. ಅದಕ್ಕೊಂದು ಬಾಗಿಲು ಉಂಟು.

ಮೇಣ ತೆರೆಯುವ ಬಾಗಿಲು

ಆ ಬಾಗಿಲಿನ ಹೆಸರು ಥರ್ಮೋಸ್ಟಾಟ್. ಹೆಸರು ಉದ್ದ, ಸಾಮಾನು ಸಣ್ಣದು. ಅಂಗೈಯಲ್ಲಿ ಹಿಡಿಯುತ್ತದೆ. ಗ್ಯಾರೇಜಿನವರು ವಾಲ್ವ್ ಅಂತಲೂ ಹೇಳುತ್ತಾರೆ. ಎಂಜಿನ್ನಿನಿಂದ ಬಿಸಿನೀರು ಹೊರಡುವ ಕಡೆ, ಮೇಲಿನ ರಬ್ಬರ್ ಪೈಪಿನ ಬುಡದಲ್ಲಿ ಅದು ಕೂತಿರುತ್ತದೆ.

ಬೆಳಗ್ಗೆ ಗಾಡಿ ಶುರು ಮಾಡಿದಾಗ ಬಾಗಿಲು ಮುಚ್ಚಿರುತ್ತದೆ. ನೀರು ರೇಡಿಯೇಟರಿಗೆ ಹೋಗುವುದಿಲ್ಲ. ಒಂದು ಸಣ್ಣ ಅಡ್ಡದಾರಿಯಲ್ಲಿ ಎಂಜಿನ್ನಿನ ಒಳಗೇ ಸುತ್ತುತ್ತದೆ. ಹಾಗಾಗಿ ಬೇಗ ಬಿಸಿಯಾಗುತ್ತದೆ. 80 ಡಿಗ್ರಿ ಹತ್ತಿರ ಬಂದಾಗ ಬಾಗಿಲು ಸ್ವಲ್ಪ ತೆರೆಯುತ್ತದೆ. ಬಿಸಿ ಹೆಚ್ಚಾದರೆ ಇನ್ನೂ ತೆರೆಯುತ್ತದೆ. ಇಳಿಜಾರಿನಲ್ಲಿ ಎಂಜಿನ್ ಆರಿದರೆ ಮತ್ತೆ ಸ್ವಲ್ಪ ಮುಚ್ಚುತ್ತದೆ. ದಿನವಿಡೀ ಹೀಗೆ.

ಇದಕ್ಕೆ ಕರೆಂಟು ಬೇಡ, ಸ್ವಿಚ್ಚು ಬೇಡ. ಹಾಗಾದರೆ ತೆರೆಯುವುದು ಹೇಗೆ? ಮೇಣದಿಂದ!

ಥರ್ಮೋಸ್ಟಾಟಿನ ನಡುವೆ ಹಿತ್ತಾಳೆ ಅಥವಾ ತಾಮ್ರದ ಒಂದು ಪುಟ್ಟ ಕುಪ್ಪಿ ಉಂಟು. ಕುಪ್ಪಿಯ ಒಳಗೆ ಮೇಣ. ಮೇಣದ ಬತ್ತಿಯಲ್ಲಿ ಇರುವ ಜಾತಿಯದೇ. ಆದರೆ ಬೇಕಾದ ಬಿಸಿಗೇ ಕರಗುವ ಹಾಗೆ ಆರಿಸಿ ತುಂಬಿರುತ್ತಾರೆ. ಮೇಣ ಕರಗಿದರೆ ಉಬ್ಬುತ್ತದೆ. ನೀವೇ ನೋಡಿರಬಹುದು. ಬತ್ತಿಯ ಸುತ್ತ ಕರಗಿದ ಮೇಣ ಮತ್ತೆ ಗಟ್ಟಿಯಾದಾಗ ನಡುವೆ ಗುಳಿ ಬೀಳುತ್ತದೆ. ಕರಗಿದ್ದಾಗ ಹೆಚ್ಚು ಜಾಗ ಬೇಕಿತ್ತು, ಗಟ್ಟಿಯಾದಾಗ ಕಡಿಮೆ ಸಾಕಾಯಿತು, ಅದಕ್ಕೇ ಗುಳಿ. ಜೇನುಮೇಣ ಕರಗಿಸಿ ಅಚ್ಚಿಗೆ ಹೊಯ್ದವರಿಗೂ ಇದು ಗೊತ್ತು.

ಆದರೆ ಕುಪ್ಪಿ ಬಿಗಿಯಾಗಿ ಮುಚ್ಚಿದೆ. ಉಬ್ಬಿದ ಮೇಣ ಎಲ್ಲಿಗೆ ಹೋಗಬೇಕು? ಕುಪ್ಪಿಯ ಬಾಯಲ್ಲಿ ಒಂದು ಉಕ್ಕಿನ ಕಡ್ಡಿ ಉಂಟು. ಮೇಣ ಆ ಕಡ್ಡಿಯನ್ನು ಹೊರಗೆ ತಳ್ಳುತ್ತದೆ. ಕಡ್ಡಿಯ ತುದಿ ಮೇಲಿನ ಪಟ್ಟಿಗೆ ಒತ್ತಿಕೊಂಡಿದೆ, ಅದು ಸರಿಯುವುದಿಲ್ಲ. ಆಗ ಕುಪ್ಪಿಯೇ ಕೆಳಗೆ ಸರಿಯುತ್ತದೆ. ಕುಪ್ಪಿಗೆ ಅಂಟಿಕೊಂಡ ಮುಚ್ಚಳವೂ ಕೆಳಗೆ ಸರಿದು ದಾರಿ ತೆರೆಯುತ್ತದೆ. ಆರಿದಾಗ ಮೇಣ ಕುಗ್ಗುತ್ತದೆ. ಸುತ್ತ ಇರುವ ಸ್ಪ್ರಿಂಗು ಮುಚ್ಚಳವನ್ನು ಎತ್ತಿ ಮುಚ್ಚುತ್ತದೆ. ಇಷ್ಟೇ ವಿಷಯ.

ಇನ್ನೂ ಹಳೆಯ ಗಾಡಿಗಳಲ್ಲಿ ಮೇಣ ಇರಲಿಲ್ಲ. ಹಾರ್ಮೋನಿಯಂ ತಿದಿಯಂಥ ಒಂದು ಲೋಹದ ಡಬ್ಬಿ ಇತ್ತು. ಬೇಗ ಆವಿಯಾಗುವ ದ್ರವ ಅದರಲ್ಲಿ ಇರುತ್ತಿತ್ತು. ಬಿಸಿಗೆ ಡಬ್ಬಿ ಉದ್ದವಾಗಿ ಬಾಗಿಲು ತೆರೆಯುತ್ತಿತ್ತು. ಡಬ್ಬಿ ತೂತಾದರೆ ಕೆಲಸ ಕೆಟ್ಟಿತು. 1934ರಲ್ಲಿ ಸರ್ಜಿಯಸ್ ವರ್ನೆಟ್ ಎಂಬ ಎಂಜಿನಿಯರು ಅಮೆರಿಕದಲ್ಲಿ ಮೇಣದ ಉಪಾಯ ಕಂಡುಹಿಡಿದರು. ಇಂದಿಗೂ ಲೋಕದ ಎಷ್ಟೋ ಗಾಡಿಗಳಲ್ಲಿ ಅದೇ ಮೇಣ ಕೆಲಸ ಮಾಡುತ್ತಿದೆ.

ನದಿಯ ನೀರು ಕುಡಿಯುವ ಎಂಜಿನ್

ಎಲ್ಲ ಎಂಜಿನ್ನಿಗೂ ರೇಡಿಯೇಟರ್ ಇಲ್ಲ. ಕಾಫಿಗೆ ಹೂಮಳೆ ಬಾರದಿದ್ದರೆ ಕೆರೆ ಬದಿಯಲ್ಲಿ ಡೀಸೆಲ್ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಅಂಥ ಕೆಲವು ಪಂಪುಗಳಿಗೆ ಕೆರೆಯ ನೀರೇ ತಂಪು. ಸಣ್ಣ ಪೈಪಿನಲ್ಲಿ ಒಂದಿಷ್ಟು ನೀರು ಎಂಜಿನ್ನಿನ ಒಳಗೆ ಹೋಗಿ, ಬಿಸಿಯಾಗಿ, ಹೊರಗೆ ಬೀಳುತ್ತದೆ.

ದೋಣಿಯ ಎಂಜಿನ್ನೂ ಹೀಗೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳಿಗೆ ನೀರು ನುಗ್ಗಿತು. ಆಗ ಜನರನ್ನು ದೋಣಿಗಳಲ್ಲಿ ಕರೆತಂದರು. ಇಂಥ ಕೆಲಸಕ್ಕೆ ಬರುವ ರಬ್ಬರ್ ದೋಣಿಯ ಹಿಂದೆ ಒಂದು ಮೋಟಾರು ಸಿಕ್ಕಿಸಿರುತ್ತಾರೆ. ಅದರ ಉದ್ದ ಕಾಲು ನೀರಿನೊಳಗೆ ಇರುತ್ತದೆ. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬವರು 1909ರಲ್ಲೇ ಇಂಥ ಮೋಟಾರು ಮಾರಲು ಶುರು ಮಾಡಿದ್ದರು. ಕಾಲಿನ ಒಳಗಿನ ಸಣ್ಣ ರಬ್ಬರ್ ಚಕ್ರ ನದಿಯ ನೀರನ್ನು ಮೇಲೆ ಎಳೆಯುತ್ತದೆ. ನೀರು ಎಂಜಿನ್ ಸುತ್ತಿ ವಾಪಸು ನದಿಗೆ ಹೋಗುತ್ತದೆ.

ಮಳೆಗಾಲದ ಹೊಳೆ ಎಷ್ಟು ತಣ್ಣಗೆ ಅಂತ ನಿಮಗೆ ಗೊತ್ತು. ಅಷ್ಟು ತಣ್ಣನೆ ನೀರು ಸದಾ ಹರಿದರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ತೀರಾ ಹಳೆಯ ಸಣ್ಣ ಮೋಟಾರುಗಳು ಹಾಗೇ ತಣ್ಣಗೆ ಹೊಗೆ ಬಿಡುತ್ತ ಓಡುತ್ತಿದ್ದವು. ಆಮೇಲೆ ಬಂದ ದೊಡ್ಡ ಮೋಟಾರುಗಳಿಗೆ ಥರ್ಮೋಸ್ಟಾಟ್ ಹಾಕಿದರು. ಅಂಥ ಹಳೇ ಮೋಟಾರುಗಳ ಬಾಗಿಲು ಹೆಚ್ಚಾಗಿ 60 ಡಿಗ್ರಿ ಆಸುಪಾಸಿನಲ್ಲೇ ತೆರೆಯುತ್ತದೆ. ಜೀಪಿಗಿಂತ ಕಡಿಮೆ ಏಕೆ? ಈ ಮೋಟಾರು ಸಮುದ್ರದಲ್ಲೂ ಓಡಬೇಕು. ಉಪ್ಪು ನೀರು ಹೆಚ್ಚು ಬಿಸಿಯಾದರೆ ಒಳಗೆ ಉಪ್ಪು, ಸುಣ್ಣ ಕಟ್ಟಿಕೊಳ್ಳುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಕಟ್ಟುತ್ತದಲ್ಲ, ಹಾಗೆ. ಅದಕ್ಕೇ ಕಡಲಲ್ಲಿ ಓಡಿದ ಮೋಟಾರಿಗೆ ಆಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕು. ನಮ್ಮ ಪ್ರವಾಹದ ನೀರಿನಲ್ಲಿ ಉಪ್ಪಿಲ್ಲ, ಆದರೆ ಮರಳು, ಕೆಸರು ಉಂಟು. ಅದು ಬಾಗಿಲಿನ ಸಂದಿಯಲ್ಲಿ ಕೂತರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಓಡುವ ಮೋಟಾರಿನ ಪಕ್ಕದಿಂದ ಸಣ್ಣಗೆ ನೀರು ಚಿಮ್ಮುತ್ತಿರುತ್ತದೆ. ಪಂಪು ನೀರು ಎಳೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ದೋಣಿಯಲ್ಲಿ ಕೂತಾಗ ಆ ಧಾರೆ ನಿಂತದ್ದು ಕಂಡರೆ ದೋಣಿಯವರಿಗೆ ಕೂಡಲೇ ಹೇಳಿ.

ಜೀಪು ಕುದಿದಾಗ

ಈಗ ಜೀಪಿಗೆ ವಾಪಸು ಬರೋಣ. ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ನಿಧಾನವಾಗಿ ಓದಿ.

ಕುದಿಯುವ ಜೀಪಿನ ರೇಡಿಯೇಟರ್ ಮುಚ್ಚಳವನ್ನು ಕೂಡಲೇ ತೆಗೆಯಬಾರದು.

ಆ ಮುಚ್ಚಳ ಪ್ರೆಷರ್ ಕುಕ್ಕರಿನ ಮುಚ್ಚಳದ ಹಾಗೆ. ಹಬೆಯನ್ನು ಒಳಗೇ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ನೀರು ಹತ್ತು ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಹೋಗುತ್ತದೆ. ಒಳಗಿನ ನೀರು ಒಮ್ಮೆಗೇ ಕುದಿದು ಮೇಲಕ್ಕೆ ಹಾರುತ್ತದೆ. ಮುಖ, ಕತ್ತು, ಎದೆ, ಕೈ ಎಲ್ಲ ಸುಡುತ್ತದೆ. ಕಡಂಬುಟ್ಟು ಬೇಯಿಸುವ ಪಾತ್ರೆಯ ಹಬೆ ಬೆರಳಿಗೆ ತಾಗಿದರೇ ಎಷ್ಟು ಉರಿ! ಇದು ಅದರ ಹತ್ತು ಪಾಲು.

ಗಾಡಿ ನಿಲ್ಲಿಸಲಿ. ಎಲ್ಲರೂ ಇಳಿಯಿರಿ. ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳನ್ನು ದೂರ ನಿಲ್ಲಿಸಿ. ಕಡಿಮೆ ಅಂದರೆ ಅರ್ಧ ಗಂಟೆ ಕಾಯಿರಿ. ಹಾಜರಿಗೆ ತಡ ಆಗುತ್ತದೆ ಅಂತ ಮೇಸ್ತ್ರಿ ಬೈಯಬಹುದು. ಬೈಯಲಿ. ಮೇಲಿನ ರಬ್ಬರ್ ಪೈಪು ಕೈಗೆ ಬಿಸಿ ಹತ್ತದಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಮಡಚಿ ಹಿಡಿದು, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪವೇ ತಿರುಗಿಸಬೇಕು. ಉಳಿದ ಹಬೆ ಹೋಗಲಿ. ಆಮೇಲೆ ಪೂರ್ತಿ ತೆಗೆಯಿರಿ. ತೋಡಿನ ತಣ್ಣೀರನ್ನು ಬಿಸಿ ಎಂಜಿನ್ನಿಗೆ ಒಮ್ಮೆಗೇ ಸುರಿಯಬಾರದು. ಕಾದ ಮಣ್ಣಿನ ಹಂಚಿಗೆ ನೀರು ಬಿದ್ದರೆ ಏನಾಗುತ್ತದೆ? ಎಂಜಿನ್ನೂ ಹಾಗೇ ಬಿರುಕು ಬಿಡಬಹುದು. ಎಂಜಿನ್ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಯಾರಿಗಾದರೂ ಸುಟ್ಟರೆ ಕೂಡಲೇ ಬಳೆ, ಉಂಗುರ ತೆಗೆಯಿರಿ. ಆಮೇಲೆ ಊದಿಕೊಂಡರೆ ತೆಗೆಯಲು ಆಗದು. ಸುಟ್ಟ ಜಾಗಕ್ಕೆ ಶುದ್ಧವಾದ ತಣ್ಣೀರನ್ನು 20 ನಿಮಿಷ ಹರಿಸಿ. ಮಂಜುಗಡ್ಡೆ ಬೇಡ. ತುಪ್ಪ, ಟೂತ್ ಪೇಸ್ಟು, ಇಂಕು ಯಾವುದೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಶುದ್ಧ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ತಪ್ಪು ಯಾರದು, ಶಿಕ್ಷೆ ಯಾರಿಗೆ?

ಕುದಿಯಲು ಥರ್ಮೋಸ್ಟಾಟ್ ಒಂದೇ ಕಾರಣ ಅಲ್ಲ. ಹೆಚ್ಚು ಸಲ ಕಾರಣ ಬೇರೆ ಇರುತ್ತದೆ. ನೀರು ಸೋರಿರುತ್ತದೆ. ಬೆಲ್ಟು ಸಡಿಲ ಆಗಿರುತ್ತದೆ. ರೇಡಿಯೇಟರ್ ಜಾಲರಿಯಲ್ಲಿ ತೋಟದ ದಾರಿಯ ಮಣ್ಣು, ತರಗೆಲೆ ತುಂಬಿರುತ್ತದೆ. ಆದರೆ ಬೈಗುಳ ತಿನ್ನುವುದು ಥರ್ಮೋಸ್ಟಾಟ್. ಬಿಚ್ಚಿ ಎಸೆಯುವುದೂ ಅದನ್ನೇ. ಒಂದು ಮನೆಯ ಮಾತು ಕೇಳಿ. ಗಂಡ ಬಾಡಿಗೆಗೆ ಹಳೇ ಜೀಪು ಓಡಿಸುತ್ತಾರೆ. ಹೆಂಡತಿ ಅಕ್ಷರ ಕಲಿತು ಈಗ ಮನೆಯ ಲೆಕ್ಕ ಬರೆಯುತ್ತಾರೆ. ಡೀಸೆಲ್ ಖರ್ಚು ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಓಟ ಮಾತ್ರ ಅಷ್ಟೇ. ಒಂದು ದಿನ ಇಬ್ಬರೂ ಗ್ಯಾರೇಜಿಗೆ ಹೋದರು.

"ಅಣ್ಣಾ, ಬಿಸಿ ತೋರಿಸುವ ಮುಳ್ಳು ಮೇಲೆ ಏಳುವುದೇ ಇಲ್ಲ. ಯಾಕೆ?"

"ಒಳ್ಳೇದೇ ಅಲ್ವಾ ಅಕ್ಕ? ಎಂಜಿನ್ ತಂಪಾಗಿ ಉಂಟು ಅಂತ ಅರ್ಥ."

"ಹೊಗೆ ಜಾಸ್ತಿ. ಡೀಸೆಲ್ಲೂ ಜಾಸ್ತಿ ಹೋಗ್ತಾ ಉಂಟು. ಇಲ್ನೋಡಿ, ಬರ್ದಿಟ್ಟಿದ್ದೇನೆ."

ಮೆಕ್ಯಾನಿಕ್ ಪುಸ್ತಕ ನೋಡಿದ. "ಹೋದ ವರ್ಷ ಕುದೀತಿತ್ತಲ್ವಾ? ಆಗ ಥರ್ಮೋಸ್ಟಾಟ್ ಬಿಚ್ಚಿ ಹಾಕಿದ್ದೆ" ಅಂದ.

"ಬಿಚ್ಚಿದ ಮೇಲೆ ಕುದಿಯೋದು ನಿಂತಿತಾ?" ಅಂತ ಆಕೆ ಗಂಡನನ್ನು ಕೇಳಿದರು.

"ಎಲ್ಲಿ ನಿಂತಿತು? ಆಮೇಲೆ ಬೆಲ್ಟು ಬದಲಾಯಿಸಿದ ಮೇಲೇ ನಿಂತದ್ದು."

"ಹಾಗಾದ್ರೆ ತಪ್ಪು ಬೆಲ್ಟಿಂದು. ಇದನ್ನ ಯಾಕೆ ತೆಗೆದ್ರಿ?"

ಮೆಕ್ಯಾನಿಕ್ ನಕ್ಕ. ಅಂಗಡಿಯಿಂದ ಹೊಸದೊಂದು ತರಿಸಿದ. ಆಕೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಲೋಹದ ಮೇಲೆ 71 ಅಂತ ಒತ್ತಿದ್ದರು. ಬಿಚ್ಚಿದ ಹಳೆಯದನ್ನು ಆಕೆ ಮೊಳೆ ಡಬ್ಬಿಯಲ್ಲಿ ಇಟ್ಟಿದ್ದರು, ಅದನ್ನೂ ತಂದಿದ್ದರು. ಅದರ ಮೇಲೆ 82 ಅಂತ ಇತ್ತು. ಆ ಅಂಕಿ ಅಂದರೆ ಬಾಗಿಲು ತೆರೆಯಲು ಶುರುವಾಗುವ ಬಿಸಿ. 71ರದು ಹಾಕಿದ್ದರೆ ಬಾಗಿಲು ಬೇಗ ತೆರೆದು ಎಂಜಿನ್ ಮತ್ತೆ ತಣ್ಣಗೇ ಓಡುತ್ತಿತ್ತು.

"ಹೊಸದು ಬೇಡ ಅಣ್ಣಾ. ಹಳೇದು ಸರಿ ಉಂಟಾ ಅಂತ ಮೊದ್ಲು ನೋಡೋಣ" ಅಂದರು ಆಕೆ.

ನೋಡುವುದು ಸುಲಭ. ನಮ್ಮ ಕೆಲಸದಂತೆಯೇ, ಒಲೆಯ ಮೇಲೆ. ಒಂದು ಹಳೇ ಪಾತ್ರೆಯಲ್ಲಿ ನೀರಿಡಿ. ಥರ್ಮೋಸ್ಟಾಟಿನ ಮುಚ್ಚಳವನ್ನು ಒತ್ತಿ ಸ್ವಲ್ಪ ತೆರೆದು, ಆ ಸಂದಿಗೆ ಗಟ್ಟಿ ದಾರ ಸಿಕ್ಕಿಸಿ ಬಿಡಿ. ಮುಚ್ಚಳ ದಾರವನ್ನು ಕಚ್ಚಿ ಹಿಡಿಯುತ್ತದೆ. ದಾರವನ್ನು ಒಂದು ಕೋಲಿಗೆ ಕಟ್ಟಿ, ಥರ್ಮೋಸ್ಟಾಟನ್ನು ನೀರಿನಲ್ಲಿ ತೂಗಾಡಿಸಿ. ತಳಕ್ಕೆ ತಾಗಬಾರದು. ನೀರು ಕಾಯಿಸಿ. ಕುದಿಯುವ ಮುಂಚೆ, ಹಬೆ ಜೋರಾಗುವ ಹೊತ್ತಿಗೆ, ಅದು ದಾರ ಬಿಟ್ಟು ಟಕ್ ಅಂತ ಬೀಳಬೇಕು. ಬಿದ್ದರೆ ಬಾಗಿಲು ತೆರೆಯಿತು ಅಂತ. ಇಕ್ಕಳದಲ್ಲಿ ಹೊರಗೆ ತೆಗೆದು ಆರಲು ಬಿಡಿ. ಪೂರ್ತಿ ಮುಚ್ಚಬೇಕು. ಕುದಿದರೂ ಬೀಳದಿದ್ದರೆ ಕೆಟ್ಟಿದೆ. ಆರಿದರೂ ಮುಚ್ಚದಿದ್ದರೂ ಕೆಟ್ಟಿದೆ.

ಆ ಮನೆಯ ಥರ್ಮೋಸ್ಟಾಟ್ ಟಕ್ ಅಂತ ಬಿತ್ತು. ಅದನ್ನೇ ವಾಪಸು ಹಾಕಿದರು. ಹಾಕುವಾಗ ಮೇಣದ ಕುಪ್ಪಿ ಇರುವ ಬದಿ ಎಂಜಿನ್ನಿನ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಮೇಣಕ್ಕೆ ಬಿಸಿ ಸರಿಯಾಗಿ ತಟ್ಟದೆ ಎಂಜಿನ್ ಕುದಿಯುತ್ತದೆ.

ಪರೀಕ್ಷೆ ಮಾಡಿದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ. ರೇಡಿಯೇಟರಿಗೆ ಹಾಕುವ ಬಣ್ಣದ ಕೂಲಂಟ್ ವಿಷ. ರುಚಿ ಸಿಹಿ, ಅದಕ್ಕೇ ಮಕ್ಕಳು, ನಾಯಿಗಳು ನೆಕ್ಕುತ್ತವೆ. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ತೋಡಿಗೆ ಸುರಿಯಬೇಡಿ.

ಓದಿ, ನೋಡಿ, ಮಾತಾಡಿ

ಜೀಪಿನಲ್ಲಿ ಡ್ರೈವರಿನ ಮುಂದೆ ಗಡಿಯಾರದಂಥ ಒಂದು ಮುಳ್ಳು ಉಂಟು. ಅದರ ಒಂದು ತುದಿಯಲ್ಲಿ ಅರ್ಧಚಂದ್ರದ ಹಾಗಿನ ಇಂಗ್ಲಿಷ್ ಅಕ್ಷರ, ಅದು 'ಸಿ'. ಸಿ ಅಂದರೆ ಕೋಲ್ಡ್, ತಣ್ಣಗೆ. ಇನ್ನೊಂದು ತುದಿಯಲ್ಲಿ ಒಂದೇ ಮೆಟ್ಟಿಲಿನ ಏಣಿಯ ಹಾಗಿನ ಅಕ್ಷರ, ಅದು 'ಎಚ್'. ಎಚ್ ಅಂದರೆ ಹಾಟ್, ಬಿಸಿ. ನಾಳೆ ಜೀಪು ಹತ್ತಿದಾಗ ಮುಳ್ಳು ಎಲ್ಲಿದೆ ಅಂತ ನೋಡಿ. ಹೊರಡುವಾಗ ಎಲ್ಲಿತ್ತು? ಏರು ಹತ್ತಿದ ಮೇಲೆ ಎಲ್ಲಿಗೆ ಬಂತು?

ನಿಮ್ಮ ಊರಿನಲ್ಲಿ ರೇಡಿಯೇಟರ್ ಹಬೆಯಿಂದ ಯಾರಿಗಾದರೂ ಸುಟ್ಟದ್ದು ಉಂಟಾ? ಆಗ ಗಾಯಕ್ಕೆ ಏನು ಹಚ್ಚಿದರು?